ರಜೆಗೆ ಬಂದ ಮಗ ಯಾರದೋ ಮಾತು ಆಡುತ್ತಿದ್ದಾನೆ

ಸಕಲೇಶಪುರ ತಾಲ್ಲೂಕಿನ ಒಬ್ಬ ತಾಯಿ ಬರೆದ ಪತ್ರ ಇದು. ಗುರುತು ಸಿಗುವ ವಿವರ ತೆಗೆದು, ಸ್ವಲ್ಪ ಚಿಕ್ಕದು ಮಾಡಿದ್ದೇನೆ.

“ಸಾರ್, ನಮ್ಮದು ಐದು ಎಕರೆ ಕಾಫಿ ತೋಟ. ಮಗನಿಗೆ 17 ವರ್ಷ. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದಾನೆ. ಮಗಳು ಒಂಬತ್ತನೇ ಕ್ಲಾಸು. ದಸರಾ ರಜೆಗೆ ಬಂದಾಗಿನಿಂದ ಮಗನ ಮಾತೇ ಬದಲಾಗಿದೆ. ತಂಗಿಗೆ ‘ನೀನು ಓದಿ ಏನು ಕಡಿದು ಕಟ್ಟೆ ಹಾಕ್ತೀಯ’ ಅನ್ನುತ್ತಾನೆ. ನನಗೆ ‘ಅಪ್ಪ ದುಡಿದು ತಂದು ಹಾಕೋದು, ನೀವು ಕೂತು ತಿನ್ನೋದು’ ಅಂದ. ನಾನು ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಕೆಲಸ ಮುಗಿಸಿ, ತೋಟದ ಆಳುಗಳಿಗೂ ಅಡುಗೆ ಮಾಡುವವಳು. ಕೇಳಿದರೆ ‘ಹುಡ್ಗೀರಿಗೆ ದುಡ್ಡಿರೋನು ಬೇಕು ಅಷ್ಟೆ’, ‘ಗಂಡಸರಿಗೆ ಈ ದೇಶದಲ್ಲಿ ಕಾನೂನೇ ಇಲ್ಲ’, ‘ಆಲ್ಫಾ ಆಗ್ಬೇಕು’ ಅಂತಾನೆ. ದಿನವಿಡೀ ಚೂಯಿಂಗ್ ಗಮ್ ಅಗಿಯುತ್ತಾನೆ. ದವಡೆ ಚೂಪಾಗುತ್ತಂತೆ. ಒಂದು ರಾತ್ರಿ ಅವನ ಫೋನ್ ನೋಡಿದೆ. ಹುಡುಗರ ವಾಟ್ಸಾಪ್ ಗುಂಪು. ಕ್ಲಾಸಿನ ಹುಡುಗಿಯರ ಫೋಟೋ ಹಾಕಿ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಟ್ಟಿದ್ದಾರೆ. ಒಂದು ಹುಡುಗಿಯ ಫೋಟೋವನ್ನು ಎಐನಲ್ಲಿ ಬಟ್ಟೆ ಇಲ್ಲದ ಹಾಗೆ ಮಾಡಿದ್ದಾರೆ. ಅದನ್ನು ಹಾಕಿದ್ದು ನನ್ನ ಮಗ ಅಲ್ಲ. ಆದರೆ ನಗುವ ಎಮೋಜಿ ಒತ್ತಿದ್ದಾನೆ. ಇವರಿಗೆ ಹೇಳಿದರೆ ‘ಮೀಸೆ ಬಂದಿದೆ, ಎರಡು ದಿನ ಹಾರಾಡ್ತಾನೆ ಬಿಡು’ ಅಂದರು. ಫಸ್ಟ್ ಪಿಯುನಲ್ಲಿ ಅವನು ಯಾವುದೋ ಹುಡುಗಿಗೆ ಮೆಸೇಜ್ ಮಾಡಿ, ಅವಳು ಅದರ ಸ್ಕ್ರೀನ್‌ಶಾಟ್ ಎಲ್ಲರಿಗೂ ತೋರಿಸಿದಳಂತೆ, ಮಗಳು ಹೇಳಿದಳು. ಫೋನ್ ಕಿತ್ತುಕೊಳ್ಳಲಾ? ಕಾಲೇಜಿಗೆ ಹೇಳಲಾ? ಹೇಳಿದರೆ ಇವನ ಮೇಲೆ ಕೇಸ್ ಆಗುತ್ತಾ? ಇವನು ಹೀಗೇ ಆಗಿಬಿಡುತ್ತಾನಾ? ಮಗಳು ಈಗ ಅಣ್ಣನ ಜೊತೆ ಊಟಕ್ಕೆ ಕೂರುವುದಿಲ್ಲ.”

ನಿಮ್ಮ ಪತ್ರದಲ್ಲಿ ಎರಡು ವಿಷಯ ಇವೆ ತಾಯಿ. ಒಂದು ಮಗನ ಮಾತು. ಇನ್ನೊಂದು ಆ ಫೋಟೋ. ಮಾತಿನ ವಿಷಯಕ್ಕೆ ತಿಂಗಳುಗಟ್ಟಲೆ ಸಮಯ ಇದೆ. ಫೋಟೋ ವಿಷಯಕ್ಕೆ ಇಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಪಿಯು ಓದುವ ಹುಡುಗಿ ಅಂದರೆ ಹೆಚ್ಚುಕಡಿಮೆ 18ರ ಒಳಗಿನವಳು. ಅಂಥವಳ ಫೋಟೋವನ್ನು ಹೀಗೆ ತಿದ್ದುವುದು, ಹಂಚುವುದು ಹುಡುಗಾಟದ ಲೆಕ್ಕಕ್ಕೆ ಬರುವುದಿಲ್ಲ. ಐಟಿ ಕಾಯ್ದೆಯ 67ಬಿ ಕಲಮು ಮತ್ತು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮಕ್ಕಳ ಇಂಥ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ ಆಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ದಯವಿಟ್ಟು ಸಾಕ್ಷಿಗೆ ಇರಲಿ ಅಂತ ಅದರ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಯಜಮಾನರಿಗೆ ತೋರಿಸೋಣ ಅಂತ ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ. ಗಾಬರಿಯಲ್ಲಿ ಮಗನ ಫೋನನ್ನು ರೀಸೆಟ್ ಮಾಡಿಸಲೂ ಬೇಡಿ. ಒಂದು ಹಾಳೆ ತಗೊಂಡು ಗುಂಪಿನ ಹೆಸರು, ದಿನಾಂಕ, ಫೋಟೋ ಹಾಕಿದ ನಂಬರ್ ಇಷ್ಟನ್ನು ಪೆನ್ನಲ್ಲಿ ಬರೆದಿಡಿ. ಸಾಕು.

ಆಮೇಲೆ ಏನು? ಸುಮ್ಮನಿದ್ದುಬಿಡೋಣ ಅನ್ನಿಸುವುದು ಸಹಜ. ಆದರೆ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಬೇಕು ಎಂದೇ ಪೋಕ್ಸೊ ಹೇಳುತ್ತದೆ. ಆ ಹೊಣೆ ನಿಮಗೂ ಇದೆ, ಕಾಲೇಜಿಗೂ ಇದೆ. ಹಾಗಂತ ನಾಳೆಯೇ ಒಬ್ಬರೇ ಸ್ಟೇಷನ್ ಮೆಟ್ಟಿಲು ಹತ್ತಿ ಅಂತ ನಾನು ಹೇಳುವುದಿಲ್ಲ. ಹಾಸನದ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಲಹೆಗೆ ಕಾಸು ಕೊಡಬೇಕಾಗಿಲ್ಲ. ಫೋನಿನಲ್ಲಾದರೆ 15100. ಮೊದಲು ಅಲ್ಲಿ ಮಾತಾಡಿ. ನಂತರ ನಿಮ್ಮ ಯಜಮಾನರ ಜೊತೆ ಹೋಗಿ ಪ್ರಿನ್ಸಿಪಾಲರನ್ನು ನೇರವಾಗಿ ಭೇಟಿಯಾಗಿ. ಹೋಗುವ ಮೊದಲು ಮಗನಿಗೆ ಹೇಳಿಯೇ ಹೋಗಿ, ಬೆನ್ನ ಹಿಂದೆ ಬೇಡ.

ಮಗನ ಮೇಲೆ ಕೇಸ್ ಆಗುತ್ತಾ ಅಂತ ಕೇಳಿದ್ದೀರಿ. ಫೋಟೋ ಮಾಡಿದವನು, ಮುಂದಕ್ಕೆ ಕಳಿಸಿದವನು, ನೋಡಿ ನಕ್ಕವನು ಮೂವರೂ ಒಂದೇ ಅಲ್ಲ. 18ರ ಒಳಗಿನ ಹುಡುಗರು ಮಾಮೂಲಿ ಕೋರ್ಟಿಗೆ ಹೋಗುವುದಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತಾರೆ. ಬುದ್ಧಿ ಹೇಳಿ, ಆಪ್ತ ಸಮಾಲೋಚನೆಗೆ ಕಳಿಸಿ ಮನೆಗೆ ಬಿಡುವ ಅಧಿಕಾರ ಮಂಡಳಿಗೆ ಇದೆ. ನಿಜವಾದ ನಷ್ಟ ಬೇರೆ ಕಡೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗೆಳೆಯರು ಅವನನ್ನು ಚಾಡಿಕೋರ ಅಂತಾರೆ. ಹಾಸ್ಟೆಲಿನಲ್ಲಿ ಊಟದ ಟೇಬಲಲ್ಲಿ ಒಬ್ಬನೇ ಕೂರಬೇಕಾಗಬಹುದು. ಪರೀಕ್ಷೆ ಹತ್ತಿರ ಇರುವಾಗ ಇದು ಸಣ್ಣ ವಿಷಯ ಅಲ್ಲ. ವಾರ್ಡನ್‌ಗೆ ಮೊದಲೇ ತಿಳಿಸಿ ರೂಮ್ ಬದಲಿಸಲು ಆಗುತ್ತಾ ಕೇಳಿ. ಇನ್ನೊಂದು ಕಡೆ, ಸುಮ್ಮನಿದ್ದರೆ ಆ ಹುಡುಗಿಯ ಫೋಟೋ ಹರಡುತ್ತಲೇ ಇರುತ್ತದೆ. ನಿಮ್ಮ ಮಗನಿಗೆ ಕೆಲವೇ ತಿಂಗಳಿಗೆ 18 ತುಂಬುತ್ತದೆ. ಆಮೇಲೂ ಅದು ಅವನ ಫೋನಿನಲ್ಲಿದ್ದರೆ ಲೆಕ್ಕವೇ ಬೇರೆ. ಹುಡುಗಿಯ ಮನೆಯವರಿಗೆ ತಲುಪಬೇಕಾದ ಮಾಹಿತಿ ಒಂದಿದೆ: ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ. 18ರ ಒಳಗಿನವರ ಇಂಥ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಗುರುತು ಹಾಕಿ, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಡೆ ಹರಡದಂತೆ ತಡೆಯಲು ಅದು ನೆರವಾಗುತ್ತದೆ. ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಸೈಬರ್ ದೂರಿಗೆ 1930, ಮಕ್ಕಳ ಸಹಾಯಕ್ಕೆ 1098.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ‘ಇದನ್ನೆಲ್ಲ ಎಲ್ಲಿಂದ ಕಲಿತರು ಈ ಹುಡುಗರು’ ಅಂತ ಪೋಷಕರು ನನ್ನನ್ನು ಕೇಳುತ್ತಾರೆ. 2024ರ ಏಪ್ರಿಲ್, ಲೋಕಸಭೆ ಚುನಾವಣೆ ಹೊತ್ತು, ನಮ್ಮ ಹಾಸನದಲ್ಲಿ ಏನು ನಡೆಯಿತು ನೆನಪಿದೆಯಲ್ಲ? ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳು ಊರೆಲ್ಲ ಹಂಚಿಕೆಯಾದವು. ಅನ್ಯಾಯಕ್ಕೆ ಒಳಗಾದ ಹೆಂಗಸರ ಮುಖ ಕೂಡ ಮರೆಮಾಡಿರಲಿಲ್ಲ. ಆ ವಿಡಿಯೋ ಇಟ್ಟುಕೊಂಡರೂ ಹಂಚಿದರೂ ಅಪರಾಧ ಅಂತ ತನಿಖಾ ತಂಡವೇ ಎಚ್ಚರಿಕೆ ಕೊಡಬೇಕಾಯಿತು. ಟೀ ಅಂಗಡಿ, ಬಸ್‌ಸ್ಟ್ಯಾಂಡ್, ಮದುವೆ ಮನೆ ಎಲ್ಲ ಕಡೆ ದೊಡ್ಡವರ ಮಾತು ಒಂದೇ: ‘ನಿನ್ನ ಹತ್ರ ಇದೆಯಾ? ಯಾರ ಮನೆಯವಳಂತೆ ಅವಳು?’ ಆಗ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹೈಸ್ಕೂಲು ಹುಡುಗ ನೆಲ ನೋಡಿಕೊಂಡು ಹೇಳಿದ, “ಸಾರ್, ನಮ್ಮಪ್ಪನ ಫೋನಲ್ಲೂ ಇತ್ತು.” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಿಮ್ಮ ಮಗನಿಗೂ ಆಗ ಅದೇ ವಯಸ್ಸು. ಎಲ್ಲವನ್ನೂ ಅಮೆರಿಕದಿಂದ ಬಂದದ್ದು ಅಂತ ಹೇಳಿ ಕೈ ತೊಳೆದುಕೊಳ್ಳಲು ಆಗಲ್ಲ, ಅಲ್ವಾ?

ಈಗ ಮಾತಿನ ವಿಷಯ.

ಇದು ಬರೀ ವಯಸ್ಸಿನ ಗುಣವಾ? ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ಸರಿ. 17ಕ್ಕೆ ಎದುರು ಮಾತು, ಕನ್ನಡಿ ಮುಂದೆ ಗಂಟೆ, ಅಪ್ಪ ಅಮ್ಮನಿಗೆ ಏನೂ ಗೊತ್ತಿಲ್ಲ ಅನ್ನುವ ಧೋರಣೆ ಎಲ್ಲ ಇದ್ದದ್ದೇ. ಆದರೆ ‘ಆಲ್ಫಾ’ (ಎಲ್ಲರನ್ನೂ ಮೆಟ್ಟಿ ನಿಲ್ಲುವ ಗಂಡಸು), ‘ಹುಡ್ಗೀರಿಗೆ ದುಡ್ಡಿರೋನು ಬೇಕು’, ದವಡೆಗೆ ಗಮ್ ಇವೆಲ್ಲ ಮೀಸೆಯ ಜೊತೆ ಮೊಳೆತದ್ದಲ್ಲ. ತಯಾರಾದ ಮಾಲು. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಒಬ್ಬ ಹೇಳಿದ್ದು ಹಿಂದಿಗೆ ಬಂದು, ಅಲ್ಲಿಂದ ಕನ್ನಡದ ಲವ್ ಫೇಲ್ಯೂರ್ ಹಾಡಿನ ಮೇಲೆ ಕೂತು, ನಿಮ್ಮ ಮಗನ ಬಾಯಿಗೆ ಬಂದಿದೆ. ಅವನ ಬಾಯಲ್ಲಿ ಬೇರೆ ಯಾರೋ ಮಾತಾಡುತ್ತಿದ್ದಾರೆ ಅಂತ ನಿಮಗೆ ಅನ್ನಿಸಿದ್ದು ಅದಕ್ಕೇ.

ಹೇಗೆ ಬಂತು ಅನ್ನುವುದೂ ಗೊತ್ತಿರಲಿ. 2020ರ ಜೂನ್ ಕೊನೆಗೆ ನಮ್ಮಲ್ಲಿ ಟಿಕ್‌ಟಾಕ್ ಬ್ಯಾನ್ ಆಯಿತು. ಕೆಲವೇ ದಿನಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಸ್ಕೂಲು ಮುಚ್ಚಿ ಮಕ್ಕಳ ಕೈಗೆ ನಾವೇ ಫೋನ್ ಕೊಟ್ಟ ವರ್ಷ ಅದು. ಇವುಗಳಲ್ಲಿ ಹುಡುಕಿ ನೋಡುವುದು ಕಡಿಮೆ, ಬಂದದ್ದನ್ನು ನೋಡುವುದು ಜಾಸ್ತಿ. ಯಾವುದರ ಮೇಲೆ ಬೆರಳು ನಿಂತಿತೋ ಅದನ್ನೇ ಮತ್ತೆ ಬಡಿಸುತ್ತದೆ. ಐರ್ಲೆಂಡಿನ ಡಬ್ಲಿನ್ ಸಿಟಿ ವಿಶ್ವವಿದ್ಯಾಲಯದವರು 2024ರಲ್ಲಿ ಹುಡುಗರ ಹೆಸರಲ್ಲಿ ಹೊಸ ಖಾತೆ ತೆರೆದು ನೋಡಿದರು. ಯೂಟ್ಯೂಬ್ ಶಾರ್ಟ್ಸ್ ಮತ್ತು ಟಿಕ್‌ಟಾಕ್ ಎರಡರಲ್ಲೂ ಮೊದಲ 23 ನಿಮಿಷದೊಳಗೆ ಹೆಣ್ಣುದ್ವೇಷದಂಥ ವಿಡಿಯೋ ಬಂದೇ ಬಂದವು. ಹುಡುಗ ಕೇಳಿರಲಿ, ಬಿಡಲಿ. ನಾನೂ ಒಬ್ಬ ಹುಡುಗನ ಪಕ್ಕ ಕೂತು ಅವನ ಫೋನಿನಲ್ಲೇ ನೋಡಿದ್ದೇನೆ. ಮೊದಲು ಜಿಮ್. ಆಮೇಲೆ ಬೈಕು. ಕ್ರಿಕೆಟ್. ‘ಬೆಳಗ್ಗೆ ನಾಲ್ಕಕ್ಕೆ ಏಳು, ಬಡತನ ಓಡಿಸು’ ಅನ್ನುವ ‘ಸಿಗ್ಮಾ’ (ಯಾರ ಹಂಗೂ ಇಲ್ಲದ ಒಂಟಿ ಗಂಡಸು) ರೀಲು. ಆಮೇಲೆ ಸ್ಕೂಟಿಯಿಂದ ಬೀಳುವ ಹುಡುಗಿಯ ವಿಡಿಯೋ, ನಗು. ಅದರ ಹಿಂದೆಯೇ ಕೈ ಕೊಟ್ಟವಳ ಕಥೆ. ನೋಡನೋಡುತ್ತ ‘ಹೆಂಗಸನ್ನು ಎಲ್ಲಿಡಬೇಕೋ ಅಲ್ಲಿಡು’. ಜಿಮ್ಮಿನಿಂದ ಇಲ್ಲಿಗೆ ಎಲ್ಲಿ ತಿರುವು ತಗೊಂಡಿತು ಅಂತ ನನಗೂ ಗೊತ್ತಾಗಲಿಲ್ಲ, ಅವನಿಗೂ ಇಲ್ಲ. ಜಿಮ್ ಒಳ್ಳೆಯದೇ, ಬೇಗ ಏಳುವುದೂ ಒಳ್ಳೆಯದೇ. ಒಳ್ಳೆ ಅಕ್ಕಿಯಲ್ಲಿ ಬೆರೆಸಿದ ಕಲ್ಲು ಬಾಯಿಗೆ ಸಿಕ್ಕಾಗಲೇ ಗೊತ್ತಾಗೋದು.

ಇನ್ನು ಅವನು ಹೇಳುವ ಮಾತುಗಳು. ಇವಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಎಲ್ಲವೂ ಸುಳ್ಳು ಅಂತ ಹೇಳಿದರೆ ಅವನು ನಿಮ್ಮನ್ನು ನಂಬುವುದಿಲ್ಲ, ಯಾಕೆಂದರೆ ಎಲ್ಲವೂ ಸುಳ್ಳಲ್ಲ.

‘ಆಲ್ಫಾ’ ಸುಲಭ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದ. ಎಲ್ಲೆಲ್ಲಿಂದಲೋ ತಂದು ಒಂದೇ ಬೇಲಿಯೊಳಗೆ ಬಿಟ್ಟ ತೋಳಗಳು ಕಚ್ಚಾಡಿದವು, ಗೆದ್ದದ್ದು ಆಲ್ಫಾ. ಡೇವಿಡ್ ಮೆಕ್ ಎಂಬ ಅಮೆರಿಕದ ತೋಳ ತಜ್ಞ 1970ರಲ್ಲಿ ತನ್ನ ಪುಸ್ತಕದಲ್ಲಿ ಅದನ್ನೇ ಹರಡಿದ. ಆಮೇಲೆ ಅದೇ ಮನುಷ್ಯ ವರ್ಷಗಟ್ಟಲೆ ಕಾಡಿನಲ್ಲಿ ತೋಳ ನೋಡಿ 1999ರಲ್ಲಿ ತಿದ್ದಿಕೊಂಡ. ಕಾಡಿನ ತೋಳದ ಗುಂಪು ಅಂದರೆ ಒಂದು ಸಂಸಾರ. ಮುಂದೆ ನಡೆಯುವ ಜೋಡಿ ಬೇರೆ ಯಾರೂ ಅಲ್ಲ, ಮರಿಗಳ ಅಪ್ಪ ಅಮ್ಮ. ನಮ್ಮ ಭದ್ರಾ ಕಾಡಿನ ಸೀಳುನಾಯಿಗಳೂ ಹಾಗೇ. ಬೇಟೆ ಬಿದ್ದ ಮೇಲೆ ಮೊದಲು ತಿನ್ನಲು ಬಿಡುವುದು ಮರಿಗಳನ್ನು. ಇದನ್ನು ಹುಡುಗರಿಗೆ ಹೇಳಿದಾಗ ಅವರ ಮುಖ ನೋಡಬೇಕು! ಮೋಸಹೋಗುವುದು ಯಾವ ಹುಡುಗನಿಗೂ ಇಷ್ಟ ಇಲ್ಲ.

ಅದಕ್ಕೇ ನಾನು ಯಾವಾಗಲೂ ಕೇಳುವ ಪ್ರಶ್ನೆ: “ಈ ರೀಲ್ ಮಾಡಿದವನು ಏನು ಮಾರುತ್ತಿದ್ದಾನೆ?” ಈ ಗುಂಪಿನ ದೊಡ್ಡ ಹೆಸರು ಆಂಡ್ರ್ಯೂ ಟೇಟ್, ಮಾಜಿ ಕಿಕ್‌ಬಾಕ್ಸರ್. ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್ ಕೋರ್ಸ್ ಮಾರುತ್ತಿದ್ದ. ಸೇರಿದ ಹುಡುಗರೇ ಅವನ ವಿಡಿಯೋ ತುಂಡು ಮಾಡಿ ಹರಡುತ್ತಿದ್ದರು. ಹೊಸಬರನ್ನು ಸೇರಿಸಿದರೆ ಕಮಿಷನ್. 2022ರ ಆಗಸ್ಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲ ಅವನನ್ನು ಹೊರಗೆ ಹಾಕಿದವು. ಡಿಸೆಂಬರ್‌ನಲ್ಲಿ ರೊಮೇನಿಯಾದಲ್ಲಿ ಬಂಧನ. ಮಾನವ ಕಳ್ಳಸಾಗಣೆ, ಅತ್ಯಾಚಾರದ ಆರೋಪ, ಅವನು ಒಪ್ಪಿಲ್ಲ. ನಿಮ್ಮ ಮಗನಿಗೆ ಅವನ ಹೆಸರೂ ಗೊತ್ತಿಲ್ಲದಿರಬಹುದು. ಮಾತು ಮಾತ್ರ ಬಂದಿದೆ.

‘ಗಂಡಸರಿಗೆ ಕಾನೂನೇ ಇಲ್ಲ’ ಅನ್ನುವುದು ಕಷ್ಟದ ಮಾತು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಬ್ಬ ಟೆಕ್ಕಿ ಹೆಂಡತಿಯ ಕಡೆಯವರ ಮೇಲೆ ಆರೋಪ ಹೊರಿಸಿ ಜೀವ ಕಳೆದುಕೊಂಡರು. ಆ ವಿಡಿಯೋ ನೋಡದ ಹುಡುಗ ಇಲ್ಲ. ಆ ಸಾವು ನಿಜ, ಆ ನೋವು ನಿಜ. ಹೆಂಡತಿಗೆ ಗಂಡನ ಮನೆಯವರು ಕೊಡುವ ಕಿರುಕುಳದ ವಿರುದ್ಧ ಇದ್ದ 498ಎ ಕಲಮಿನ (2024ರ ಜುಲೈನಿಂದ ಅದು ಬಿಎನ್‌ಎಸ್ 85) ದುರ್ಬಳಕೆ ಆಗುತ್ತದೆ ಅಂತ ಸುಪ್ರೀಂ ಕೋರ್ಟೇ ಹೇಳಿ, ದೂರು ಬಂದ ಕೂಡಲೇ ಬಂಧಿಸಬೇಡಿ ಎಂದು 2014ರಲ್ಲೇ ಆದೇಶ ಕೊಟ್ಟಿದೆ. ಅಂದಮೇಲೆ ‘ಕಾನೂನೇ ಇಲ್ಲ’ ಅನ್ನುವ ಮಾತು ನಿಜ ಅಲ್ಲ. ಅದೇ ದೇಶದಲ್ಲಿ 2022ರ ಒಂದೇ ವರ್ಷ ಆರು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಸಾವು ವರದಕ್ಷಿಣೆ ಸಾವು ಅಂತ ದಾಖಲಾಗಿದೆ. ರೀಲು ಮೊದಲನೆಯದನ್ನು ತೋರಿಸುತ್ತದೆ, ಎರಡನೆಯದನ್ನು ತೋರಿಸುವುದಿಲ್ಲ.

‘ಸಾಯೋರಲ್ಲಿ ಗಂಡಸರೇ ಜಾಸ್ತಿ’ ಅಂತಲೂ ಹೇಳುತ್ತಾರೆ. ಅದೂ ನಿಜ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಪ್ರತಿ ನೂರು ಜನರಲ್ಲಿ ಸುಮಾರು 72 ಮಂದಿ ಗಂಡಸರು. ಆದರೆ ಅದೇ ಸರ್ಕಾರಿ ವರದಿಯ ಮುಂದಿನ ಪುಟ ತಿರುವಿದರೆ, ವೃತ್ತಿವಾರು ಅತಿ ಹೆಚ್ಚು ಸತ್ತವರು ದಿನಗೂಲಿಯವರು. ಮದುವೆ ಸಂಬಂಧದ ಕಾರಣ ನೂರಕ್ಕೆ ಐದರಷ್ಟೂ ಇಲ್ಲ. ಗಂಡಸರು ಒಳಗೊಳಗೇ ಬೇಯುತ್ತಾರೆ, ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ ಅನ್ನುವುದು ನನ್ನ ಕೋಣೆಯಲ್ಲಿ ದಿನಾ ಕಾಣುವ ಸಂಗತಿ. ಆದರೆ ಆ ಬೇಗೆಗೆ ‘ಅಳಬೇಡ, ಆಲ್ಫಾ ಆಗು’ ಅನ್ನುವುದು ಮದ್ದಾ?

ಈಗ ‘ಹುಡ್ಗೀರಿಗೆ ದುಡ್ಡಿರೋನು ಬೇಕು’. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಇದರ ಬೇರು ಅಮೆರಿಕದಲ್ಲಿಲ್ಲ, ನಿಮ್ಮ ಜಗುಲಿಯಲ್ಲಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ರೈತ ಹುಡುಗರು ಮದುವೆಗೆ ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೋದರು. ಪೇಪರಿನವರು ನಕ್ಕು ಬರೆದರು. ಆಲೂರು, ಬೇಲೂರು, ಮೂಡಿಗೆರೆ ಯಾವ ಕಡೆ ಹೋದರೂ 35 ದಾಟಿದ, ಮದುವೆಯಾಗದ ಹುಡುಗರಿರುವ ಮನೆಗಳು ಕಾಣುತ್ತವೆ. ನಿಮ್ಮ ನೆಂಟರಲ್ಲೂ ಒಬ್ಬರಿರಬೇಕು. ‘ಹೆಣ್ಣಿನವರು ಬೆಂಗಳೂರಲ್ಲಿ ಸೈಟ್ ಇದೆಯಾ ಅಂತಾರೆ, ತೋಟ ಅಂದರೆ ಫೋನ್ ಇಡ್ತಾರೆ’ ಅನ್ನುವ ಮಾತು ಊಟಕ್ಕೆ ಕೂತಾಗ ನಡೆಯುತ್ತದೆ. 17ರ ಹುಡುಗ ತಟ್ಟೆ ನೋಡಿಕೊಂಡು ಕೇಳಿಸಿಕೊಳ್ಳುತ್ತಾನೆ. ತನ್ನ ಪಾಡೂ ಅದೇ ಅಂದುಕೊಳ್ಳುತ್ತಾನೆ. ರಾತ್ರಿ ರೀಲು ಅದೇ ಮಾತಿಗೆ ಹಿನ್ನೆಲೆ ಸಂಗೀತ ಹಾಕಿ ಹೇಳುತ್ತದೆ: ತಪ್ಪು ಹುಡುಗಿಯರದು.

ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಗಳನ್ನು ನೀವು ತೋಟದ ಮನೆಗೆ ಕೊಡುತ್ತೀರಾ? ನನ್ನ ಹತ್ತಿರ ಬರುವ ತಾಯಂದಿರಲ್ಲಿ ‘ಹೂಂ’ ಅಂದವರು ತೀರಾ ಕಡಿಮೆ. ‘ನಾನು ಪಟ್ಟ ಕಷ್ಟ ಅವಳಿಗೆ ಬೇಡ’ ಅಂತಾರೆ. ತೋಟ ಬೇಡ ಅನ್ನುವ ಹುಡುಗಿ ನೋಡುತ್ತಿರುವುದು ಹುಡುಗನ ಪರ್ಸನ್ನಲ್ಲ. ಅವನ ಅಮ್ಮನ ಬೆಳಗಿನ ಐದು ಗಂಟೆಯನ್ನು. ಕೂಲಿ ಇಲ್ಲದ ಕೊಟ್ಟಿಗೆ ಕೆಲಸ, ಆಳುಗಳ ಅಡುಗೆ, ಕೊನೆಗೆ ಮಗನ ಬಾಯಲ್ಲಿ ‘ಕೂತು ತಿನ್ನೋದು’. ಇದನ್ನು ಮಗನಿಗೆ ಭಾಷಣವಾಗಿ ಹೇಳಬೇಡಿ. ಮುಂದಿನ ರಜೆಗೆ ಬಂದಾಗ ಒಂದು ವಾರ ಕೊಟ್ಟಿಗೆ ಅವನಿಗೆ ಬಿಡಿ. ಶಿಕ್ಷೆ ಅಂತಲ್ಲ. ‘ಈ ವಾರ ನೀನು ಮಾಡು’ ಅಂತ, ಅಪ್ಪ ಹೇಳಲಿ.

ಇದರ ಜೊತೆ ಸಣ್ಣ ಸಣ್ಣ ಉರಿಗಳೂ ಇರುತ್ತವೆ. ಪ್ರತಿ ವರ್ಷ ರಿಸಲ್ಟ್ ದಿನ ಪೇಪರಿನಲ್ಲಿ ‘ಬಾಲಕಿಯರೇ ಮೇಲುಗೈ’. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ, ಇವನು ಟಿಕೆಟ್ ತಗೊಂಡು ಹಾಸನದಿಂದ ಊರಿನವರೆಗೂ ನಿಂತು ಬರುತ್ತಾನೆ. ದೊಡ್ಡವರು ಇದರ ಮೇಲೆ ಜೋಕ್ ಫಾರ್ವರ್ಡ್ ಮಾಡಿ ಮರೆಯುತ್ತಾರೆ, ಹುಡುಗರು ನಂಬಿ ಕೂರುತ್ತಾರೆ. ‘ನಿಂತು ಬಂದು ಕಾಲು ನೋಯ್ತಾ?’ ಅಂತ ಕೇಳುವುದರಿಂದ ಯಾರ ಹಕ್ಕೂ ಹೋಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ನೀವು ಬೇಗ ಹೇಳಿ ಮುಗಿಸಿದ ಸಾಲು. ಆ ಸ್ಕ್ರೀನ್‌ಶಾಟ್. 16ರ ಹುಡುಗ ಧೈರ್ಯ ಮಾಡಿ ಬರೆದ ಮೆಸೇಜನ್ನು ಇಡೀ ಕ್ಲಾಸು ಓದಿ ನಕ್ಕಿದೆ. ಅವನು ನಿಮಗೆ ಹೇಳಿಲ್ಲ, ಅಪ್ಪನಿಗೆ ಹೇಳಿಲ್ಲ. ಆ ರಾತ್ರಿ ಅವನ ಜೊತೆ ಇದ್ದದ್ದು ಫೋನ್ ಒಂದೇ. ಅದು ಹೇಳಿತು: ನಿನ್ನದೇನೂ ತಪ್ಪಿಲ್ಲ, ಅವರೆಲ್ಲ ಹಾಗೇ, ದವಡೆ ಚೂಪು ಮಾಡಿಕೋ. ಆ ಹೊತ್ತಿಗೆ ಅದಕ್ಕಿಂತ ಹಿತವಾದ ಮಾತು ಯಾರೂ ಹೇಳಲಿಲ್ಲ. ಇನ್ನೊಬ್ಬ ಹುಡುಗಿಯ ಫೋಟೋಗೆ ನಗುವ ಎಮೋಜಿ ಒತ್ತಿದ್ದಕ್ಕೆ ಇದು ಕ್ಷಮೆ ಅಲ್ಲ. ಆದರೆ ನೀವು ಬಾಗಿಲು ತಟ್ಟಬೇಕಾದ್ದು ಈ ಜಾಗದಲ್ಲಿ.

ಹೇಗೆ ತಟ್ಟುವುದು? ನಾನು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥ ಮಾತಾಡುವ ಮೊದಲ ಹುಡುಗ ಬಂದಾಗ ನಾನು ಮುಕ್ಕಾಲು ಗಂಟೆ ವಾದ ಮಾಡಿದೆ. ಅಂಕಿ ಅಂಶ, ಸಮಾನತೆ, ಸಂವಿಧಾನ ಯಾವುದನ್ನೂ ಬಿಡಲಿಲ್ಲ. ಗೆದ್ದೆ ಕೂಡ. ಅವನು ಎದ್ದು ಹೋದ, ಮತ್ತೆ ಬರಲಿಲ್ಲ. ಈಗ ನಾನು ಕೇಳುವುದು ಜಾಸ್ತಿ. ‘ಇದು ನಿನಗೆ ಯಾವಾಗಿನಿಂದ ಅನ್ನಿಸ್ತಿದೆ?’ ಅಂತ ಒಂದು ಪ್ರಶ್ನೆ. ಆಮೇಲೆ ಬಾಯಿ ಮುಚ್ಚಿಕೊಂಡಿರುವುದು. ಅದೇ ಕಷ್ಟದ ಭಾಗ. ಮುಖ ನೋಡಿಕೊಂಡು ಕೂರಿಸಿ ಕೇಳಿದರೆ ಹುಡುಗರು ಮಾತಾಡುವುದಿಲ್ಲ. ಬೈಕಿನ ಹಿಂದೆ ಕೂತಾಗ, ಮೆಣಸಿನ ಬಳ್ಳಿ ಕಟ್ಟುವಾಗ, ಕತ್ತಲಲ್ಲಿ ಕರೆಂಟ್ ಹೋದಾಗ ಮಾತಾಡುತ್ತಾರೆ. ಮಲೆನಾಡಲ್ಲಿ ಕರೆಂಟೇನು ಕಡಿಮೆ ಹೋಗುತ್ತಾ?

ಇದನ್ನು ನೀವು ಒಬ್ಬರೇ ಮಾಡಬೇಡಿ. ಹೆಂಗಸರ ಮಾತು ಕೇಳಬೇಡ ಅಂತಲೇ ಪಾಠ ಹೇಳಿಸಿಕೊಂಡ ಹುಡುಗನಿಗೆ ಅಮ್ಮ ಬುದ್ಧಿ ಹೇಳಿದರೆ ಆ ಪಾಠಕ್ಕೇ ಸಾಕ್ಷಿ ಸಿಕ್ಕ ಹಾಗೆ. ಗಂಡಸೊಬ್ಬ ಬೇಕು. ಯಜಮಾನರು ಒಂದು ವಾಕ್ಯ ಹೇಳಲಿ: “ನಿನ್ನಮ್ಮನ ಕೆಲಸಕ್ಕೆ ಕೂಲಿ ಲೆಕ್ಕ ಹಾಕಿದರೆ ಈ ತೋಟ ಲಾಸು ಕಣೋ.” ಅಷ್ಟೇ ಸಾಕು. ಅವರು ಹೇಳಲು ಒಪ್ಪದಿದ್ದರೆ ಸೋದರಮಾವನೋ ಅವನು ಮೆಚ್ಚುವ ಮೇಷ್ಟ್ರೋ ಇರಬಹುದು. ಹೊಡೆತ ಬೇಡ. ಹೊಡೆದರೆ ‘ಬಲ ಇದ್ದವನು ಹೇಳಿದ್ದೇ ಸರಿ’ ಅನ್ನುವ ರೀಲಿನ ಮಾತೇ ನಿಜ ಅಂತ ಆಗುತ್ತದೆ.

ಕೇಳಿಸಿಕೊಳ್ಳುವುದು ಅಂದರೆ ಎಲ್ಲಕ್ಕೂ ತಲೆ ಆಡಿಸುವುದಲ್ಲ. ಅವನು ಏನು ಬೇಕಾದರೂ ಯೋಚನೆ ಮಾಡಲಿ, ವಾದ ಮಾಡಲಿ. ತಂಗಿಯನ್ನು, ನಿಮ್ಮನ್ನು ಹೀಗಳೆಯುವ ಮಾತು ಮಾತ್ರ ಈ ಮನೆಯಲ್ಲಿ ನಡೆಯುವುದಿಲ್ಲ. ಅಂದಾಗಲೆಲ್ಲ ಅಲ್ಲೇ, ಕೂಗಾಡದೆ, ಅದೇ ಮಾತು ಹೇಳಿ.

ಫೋನ್ ಕಿತ್ತುಕೊಳ್ಳುವ ವಿಷಯ. ಹಾಸ್ಟೆಲಿನಲ್ಲಿ ರೂಮಿಗೆ ನಾಲ್ಕು ಫೋನ್ ಇರುವಾಗ ಒಂದನ್ನು ಕಿತ್ತುಕೊಂಡು ಏನು ಉಪಯೋಗ? ಗೆಳೆಯನ ಫೋನಿನಲ್ಲಿ ನೋಡುತ್ತಾನೆ, ನಿಮಗೆ ಸುಳ್ಳು ಹೇಳುವುದನ್ನೂ ಕಲಿಯುತ್ತಾನೆ. ಕಳ್ಳತನದಲ್ಲಿ ಮತ್ತೆ ಮತ್ತೆ ಫೋನ್ ನೋಡಬೇಡಿ. ಒಂದು ಸಲ ನೋಡಿದ್ದನ್ನು ಒಪ್ಪಿಕೊಂಡು ಅಲ್ಲಿಂದಲೇ ಮಾತು ಶುರು ಮಾಡಿ. ರಾತ್ರಿ ಮಲಗುವ ಕೋಣೆಗೆ ಫೋನ್ ಇಲ್ಲ ಅನ್ನುವ ನಿಯಮ ಮನೆಮಂದಿಗೆಲ್ಲ ಇರಲಿ, ಅಪ್ಪನಿಗೂ. ಫೋಟೋ ವಿಷಯ ಒಂದು ದಡ ಸೇರಿದ ಮೇಲೆ, ಫೋನ್ ಅವನ ಕೈಯಲ್ಲೇ ಇದ್ದು ಇನ್‌ಸ್ಟಾಗ್ರಾಂ ತಾನಾಗಿ ಆರಿಸಿ ತೋರಿಸುವ ವಿಡಿಯೋಗಳ ಲೆಕ್ಕವನ್ನು ರೀಸೆಟ್ ಮಾಡಬಹುದು. ಯೂಟ್ಯೂಬ್‌ನಲ್ಲಿ ಹಿಂದೆ ನೋಡಿದ ಪಟ್ಟಿ ಅಳಿಸಬಹುದು. ಆಮೇಲೆ ಬೆರಳು ಮತ್ತೆ ಅಂಥದ್ದರ ಮೇಲೇ ನಿಂತರೆ ಅದು ಮತ್ತೆ ಬರುತ್ತದೆ. ಹಾಗಾಗಿ ಅವನಿಗೇ ಸಾಕು ಅನ್ನಿಸಿದ ದಿನ ಮಾಡಿದರೆ ಚೆನ್ನ.

ಇವನು ಹೀಗೇ ಆಗಿಬಿಡುತ್ತಾನಾ? ಇಂಥ ರೀಲು ನೋಡಿದ ಹುಡುಗರಲ್ಲಿ ಬಹಳ ಜನ ಯಾರ ಮೇಲೂ ಕೈ ಮಾಡುವುದಿಲ್ಲ. ಡಿಗ್ರಿಗೆ ಹೋಗಿ ಹುಡುಗಿಯರ ಜೊತೆ ಪ್ರಾಜೆಕ್ಟ್ ಮಾಡಿ, ಇಬ್ಬರು ಒಳ್ಳೆ ಗೆಳತಿಯರು ಸಿಕ್ಕಿ, ಹಳೆಯದನ್ನು ನೆನೆದು ನಾಚಿಕೊಂಡವರನ್ನು ನೋಡಿದ್ದೇನೆ. ಆದರೆ ಕೆಲವು ಸೂಚನೆ ಕಂಡರೆ ಕಾಯಬೇಡಿ. ತಂಗಿ ಮೇಲೆ ಕೈ ಎತ್ತುವುದು. ಒಬ್ಬ ಹುಡುಗಿಯ ಹಿಂದೆ ಹೋಗುವುದು, ಬ್ಲಾಕ್ ಮಾಡಿದರೂ ಬೇರೆ ನಂಬರಿನಿಂದ ಮೆಸೇಜ್ ಮಾಡುವುದು. ‘ಅವಳಿಗೆ ಬುದ್ಧಿ ಕಲಿಸ್ತೀನಿ’ ಅನ್ನುವುದು. ನಿದ್ದೆ, ಊಟ ಬಿಟ್ಟು ಮಂಕಾಗುವುದು, ‘ನಾನಿದ್ದು ಏನು ಪ್ರಯೋಜನ’ ಅನ್ನುವುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೆ ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕ್ಲಿನಿಕ್‌ಗಾಗಿ ಮನೋವೈದ್ಯರು ಮಂಗಳವಾರ ಬರುತ್ತಾರೆ, ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಫೋನ್ ಚಟವೇ ದೊಡ್ಡದು ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಿಂದ ಒಂದು ಕ್ಲಿನಿಕ್ ಇದೆ.

ಕೊನೆಗೆ ಮಗಳು. ಅವಳ ಬಗ್ಗೆ ನೀವು ಬರೆದದ್ದು ಒಂದೆರಡು ಸಾಲು, ಅಣ್ಣನ ಜೊತೆ ಊಟಕ್ಕೆ ಕೂರುವುದಿಲ್ಲ ಅಂತ. ಬರೀ ಮಾತಿನ ಸಿಟ್ಟು ಇರಬಹುದು. ಆದರೆ ಆ ಸ್ಕ್ರೀನ್‌ಶಾಟ್ ಕಥೆ ಒಂಬತ್ತನೇ ಕ್ಲಾಸಿನ ಅವಳಿಗೆ ಹೇಗೆ ಗೊತ್ತಾಯಿತು ಅಂತ ಯೋಚನೆ ಮಾಡಿದ್ದೀರಾ? ಅಣ್ಣನ ಗುಂಪಿನ ಹುಡುಗರು ಅವಳಿಗೂ ಮೆಸೇಜ್ ಮಾಡುತ್ತಿರಬಹುದು. ಅವಳ ಫೋಟೋಗೂ ಅಲ್ಲಿ ಮಾರ್ಕ್ಸ್ ಬಿದ್ದಿರಬಹುದು. ಇವತ್ತು ರಾತ್ರಿ ಅವಳ ಪಕ್ಕ ಮಲಗಿ ನಿಧಾನಕ್ಕೆ ಕೇಳಿ. ‘ನೀನ್ಯಾಕೆ ಫೋಟೋ ಹಾಕಿದೆ’ ಅಂತ ಮಾತ್ರ ಶುರು ಮಾಡಬೇಡಿ. ಅವಳಿಗೆ ಇನ್‌ಸ್ಟಾಗ್ರಾಂ ಖಾತೆ ಇದ್ದರೆ ಅದರಲ್ಲಿ ನಿಜವಾದ ವಯಸ್ಸು ಹಾಕಿದ್ದಾಳಾ ನೋಡಿ. 2025ರಿಂದ ನಮ್ಮಲ್ಲೂ ಮಕ್ಕಳ ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ, 16ರ ಒಳಗಿನವರು ಅದನ್ನು ಬದಲಿಸಲು ನಿಮ್ಮ ಒಪ್ಪಿಗೆ ಬೇಕು. ಅವಳು ಏನಾದರೂ ಹೇಳಿದರೆ, ಪ್ರಿನ್ಸಿಪಾಲರ ಹತ್ತಿರ ಹೋಗುವ ಮೊದಲು ಆ ಹಾಳೆಯಲ್ಲಿ ಅದನ್ನೂ ಬರೆದುಕೊಳ್ಳಿ.